ಖುಲಾ ‘ಕೊಡುವುದೋ’, ‘ಪಡೆಯುವುದೋ’?

ಪ್ರಶ್ನೆ: ಖುಲಾ (ಹೆಂಡತಿ ಕೇಳಿ ಪಡೆಯುವ ವಿಚ್ಛೇದನ) ಪ್ರಕರಣವೊಂದರ ವರದಿಯಲ್ಲಿ ‘ಹೆಂಡತಿಯೇ ತಲಾಕ್ ಕೊಟ್ಟಳು’ ಎಂದಿದೆ. ಈ ಪ್ರಯೋಗ ಸರಿಯೇ? ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡುವ ಮಹರ್‌ಗೆ ‘ವಧುದಕ್ಷಿಣೆ’ ಎನ್ನಬಹುದೇ?

ಉತ್ತರ: ಸರಿಯಲ್ಲ. ತಲಾಕ್ ಕೊಡುವವನು ಗಂಡ. ಖುಲಾ ಕೇಳುವವಳು, ಪಡೆಯುವವಳು ಹೆಂಡತಿ. ಉರ್ದುವಿನಲ್ಲೂ ‘ತಲಾಕ್ ದೇನಾ’, ‘ಖುಲಾ ಲೇನಾ’ ಎಂದೇ ರೂಢಿ. ‘ಖುಲಾ ಪಡೆದಳು’ ಎಂದು ಬರೆಯಿರಿ. ನಿಕಾಹ್‌ನ ಕರಾರಿನಲ್ಲೇ ಗಂಡ ತಲಾಕಿನ ಅಧಿಕಾರವನ್ನು ಹೆಂಡತಿಗೆ ವಹಿಸಿದ್ದರೆ ಅದು ತಫ್ವೀಜ್. ಅಲ್ಲಿ ಮಾತ್ರ ‘ತನಗೆ ತಾನೇ ತಲಾಕ್ ಹೇಳಿಕೊಂಡಳು’ ಎನ್ನಬಹುದು. ಭಾರತದ 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯಡಿ, ಗಂಡ 2 ವರ್ಷ ಜೀವನಾಂಶ ಕೊಡಲಿಲ್ಲವೆಂದೋ 4 ವರ್ಷ ಪತ್ತೆಯಿಲ್ಲವೆಂದೋ ಕೋರ್ಟು ಮದುವೆ ಮುರಿದರೆ ಅದು ಫಸ್ಖ್‌ನ ದಾರಿ, ಖುಲಾ ಅಲ್ಲ.

ಅರಬಿಯ ‘ಖುಲ್‌ಅ್’ ಎಂದರೆ ಉಟ್ಟದ್ದನ್ನು ಕಳಚುವುದು. ಗಂಡಹೆಂಡಿರು ಒಬ್ಬರಿಗೊಬ್ಬರು ಉಡುಪು ಎನ್ನುತ್ತದೆ ಕುರ್‌ಆನ್ (2:187). ಆದರೆ ಖುಲಾಕ್ಕೆ ಆಧಾರವಾದ 2:229ರಲ್ಲಿ ಈ ಪದವಿಲ್ಲ. ಹೆಂಡತಿ ಏನನ್ನಾದರೂ ಕೊಟ್ಟು ಬಿಡುಗಡೆ ಪಡೆಯುವ ಮಾತಿದೆ. ಪ್ರವಾದಿಯವರ ಸಂಗಡಿಗ ಸಾಬಿತ್ ಇಬ್ನ್ ಕೈಸ್ ಅವರ ಹೆಂಡತಿಯ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ನೋಡಿ: ಗಂಡನ ನಡತೆಯಲ್ಲಾಗಲಿ ಧರ್ಮನಿಷ್ಠೆಯಲ್ಲಾಗಲಿ ದೋಷವಿಲ್ಲ, ಆದರೂ ಬಾಳಲಾರೆ ಎಂದರು ಆಕೆ. ಮಹರ್ ಆಗಿ ಬಂದ ತೋಟ ಹಿಂತಿರುಗಿಸಿ ಬಿಡುಗಡೆಯಾದರು. ತಪ್ಪು ಸಾಬೀತು ಮಾಡಬೇಕಿರಲಿಲ್ಲ. ಮುಸ್ಲಿಂ ಸ್ತ್ರೀವಾದಿ ಚಿಂತಕಿಯರು ಒತ್ತಿ ಹೇಳುವುದು ಇದನ್ನೇ. ಆದರೆ ಹನಫಿ ಪಂಥದ ಫಿಕ್ಹ್ (ಧರ್ಮಶಾಸ್ತ್ರ) ಗಂಡನ ಒಪ್ಪಿಗೆ ಬೇಕೆಂದಿತು. 1967ರಲ್ಲಿ ಪಾಕಿಸ್ತಾನದ ಸುಪ್ರೀಂ ಕೋರ್ಟ್ ಖುರ್ಷಿದ್ ಬೀಬಿ ಪ್ರಕರಣದಲ್ಲಿ, ಗಂಡ ಒಪ್ಪದಿದ್ದರೂ ನ್ಯಾಯಾಲಯ ಖುಲಾ ಕೊಡಬಹುದು ಎಂದಿತು. ಈಜಿಪ್ಟಿನಲ್ಲಿ 2000ದ ಕಾನೂನು ಅದಕ್ಕೆ ಅವಕಾಶ ಕೊಟ್ಟಿತು. ಹಾಗಾಗಿ ‘ಗಂಡ ಖುಲಾ ದಯಪಾಲಿಸಿದ’ ಎಂಬಂಥ ವಾಕ್ಯ ಹಕ್ಕನ್ನೇ ಭಿಕ್ಷೆ ಮಾಡಿಬಿಡುತ್ತದೆ.

‘ವಧುದಕ್ಷಿಣೆ’ ಬೇಡ. ಕಿವಿಗೆ ವರದಕ್ಷಿಣೆಯ ಜೋಡಿಯಂತೆ ಕೇಳುತ್ತದೆ. ಹಳೆಯ ‘ತೆರ’ವೂ ಹೊಂದದು, ತೆರ ಹೋಗುತ್ತಿದ್ದುದು ಹೆಣ್ಣಿನ ತವರಿಗೆ, ಮಹರ್ ಹೆಣ್ಣಿನದೇ ಸ್ವತ್ತು (ಕುರ್‌ಆನ್ 4:4). ‘ಮಹರ್’ ಎಂದೇ ಇರಲಿ.

ಇನ್ನೊಂದು ತೊಡಕಿದೆ. ನಿಕಾಹ್‌ನಾಮಾದಲ್ಲಿ (ಮದುವೆಯ ಕರಾರುಪತ್ರ) ‘ಮುಅಜ್ಜಲ್’ ಎಂಬ ಎರಡು ಪದಗಳು ಬರುತ್ತವೆ: ಅರಬಿ ಲಿಪಿಯ ಐನ್ ಅಕ್ಷರದ್ದು ಕೂಡಲೇ ಕೊಡುವ ಮಹರ್, ಹಂಝಾದ್ದು ಮುಂದೆ ಕೊಡುವ ಮಹರ್. ಕನ್ನಡ ಲಿಪಿಯಲ್ಲಿ ಎರಡೂ ಒಂದೇ! ಅನುವಾದಿಸುವಾಗ ‘ತಕ್ಷಣದ ಮಹರ್’, ‘ಬಾಕಿ ಮಹರ್’ ಎಂದು ಬಿಡಿಸಿ. ಖುಲಾದಲ್ಲಿ ಹೆಣ್ಣು ಎಷ್ಟೋ ಸಲ ಬಿಟ್ಟುಕೊಡುವುದು ಈ ಬಾಕಿಯನ್ನೇ. ಪದ ತಪ್ಪಿದರೆ ಆಕೆ ಕೈಗೆ ಬಂದದ್ದನ್ನು ಹಿಂತಿರುಗಿಸಿದಳೋ, ಬರಬೇಕಾದದ್ದನ್ನು ಬಿಟ್ಟಳೋ ಓದುಗರಿಗೆ ತಿಳಿಯದು.