ಸಹಾಯ ಬೇಕು: ಮನೆಸಭೆಯ ಕರಪತ್ರಕ್ಕೆ ಆಡುಮಾತಿನ ವಾಕ್ಯಗಳು

ಎಲ್ಲರಿಗೂ ನಮಸ್ಕಾರ. 6ರಿಂದ 12 ವರ್ಷದ ಮಕ್ಕಳ ಪೋಷಕರಿಗಾಗಿ ಒಂದು ಪುಟದ ಕರಪತ್ರ ತಯಾರಾಗುತ್ತಿದೆ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಮನೆಯಲ್ಲಿ ಬೆತ್ತ ಬಿಟ್ಟ ಮೇಲೆ ಆ ಜಾಗಕ್ಕೆ ಏನು ಬರಬೇಕು ಎಂಬುದು ಇದರ ವಿಷಯ.

ಕರಡಿನಲ್ಲಿರುವುದು ಮನೆಸಭೆ, ಅಂದರೆ ಮನೆಯವರೆಲ್ಲ ವಾರಕ್ಕೊಮ್ಮೆ ಒಟ್ಟಿಗೆ ಕೂತು ಮಾತಾಡುವುದು. ಆಸ್ಟ್ರಿಯಾದ ಮನೋವೈದ್ಯ ಆಲ್ಫ್ರೆಡ್ ಆಡ್ಲರ್ ಅವರ ಹಾದಿಯಲ್ಲಿ ನಡೆದ ಮನೋವೈದ್ಯ ರುಡಾಲ್ಫ್ ಡ್ರೈಕರ್ಸ್ ಅಮೆರಿಕದಲ್ಲಿ ಇದನ್ನು ಬಳಕೆಗೆ ತಂದರು. ಭಾನುವಾರ ತಿಂಡಿಯಾದ ಮೇಲೆ 20 ನಿಮಿಷ, ಮೊಬೈಲ್ ಬಂದ್. ಮೊದಲು ಒಬ್ಬರಿಗೊಬ್ಬರು ಒಂದೊಂದು ಮೆಚ್ಚುಗೆ, ಆಮೇಲೆ ಒಂದೇ ಒಂದು ಸಮಸ್ಯೆ. ಪರಿಹಾರವನ್ನು ಮೊದಲು ಮಗುವೇ ಹೇಳಲಿ. ಒಪ್ಪಿದ್ದನ್ನು ಬರೆದಿಟ್ಟು, ಮುಂದಿನ ಭಾನುವಾರದವರೆಗೆ ಯಾರೂ, ಅಪ್ಪನೂ ಸಹ, ಬದಲಿಸುವಂತಿಲ್ಲ.

ಹೆಚ್ಚಾಗಿ ಕೆಡುವುದು ಒಂದು ಕಡೆ: ಪರಿಣಾಮದ ಹೆಸರಿನಲ್ಲಿ ಶಿಕ್ಷೆ ನುಸುಳುತ್ತದೆ. ಹಾಲು ಚೆಲ್ಲಿದವರು ಒರೆಸುವುದು ಪರಿಣಾಮ. ಹಾಲು ಚೆಲ್ಲಿದ್ದಕ್ಕೆ ಆಟ ತಪ್ಪಿಸುವುದು ಶಿಕ್ಷೆ. ತಪ್ಪಿಗೂ ಅದಕ್ಕೂ ನೇರ ಸಂಬಂಧವಿಲ್ಲದಿದ್ದರೆ ಮಗು ಕಲಿಯುವುದು ಸಿಕ್ಕಿಬೀಳದಂತೆ ಇರುವುದನ್ನಷ್ಟೇ. ಇನ್ನೊಂದು, ಮಗು ಗುಡಿಸಿದ ಜಾಗವನ್ನು ಅದರ ಕಣ್ಣೆದುರೇ ಮತ್ತೆ ಗುಡಿಸುವ ಚಟ.

ಬೇಕಾದ ಸಹಾಯ ಇಷ್ಟು. "ಪಾಪ, ಬಿಡು, ನಾನೇ ಮಾಡ್ತೀನಿ" ಎನ್ನುವ ಅಜ್ಜಿಗೆ ಮಗುವಿನ ಎದುರು ಬೇಸರವಾಗದಂತೆ ಏನು ಹೇಳಬಹುದು? ಧಾರವಾಡ, ಮಂಗಳೂರು, ಮೈಸೂರು ಕಡೆಯ ಮಾತಿನಲ್ಲೇ ಬರೆಯಿರಿ. ಪುಸ್ತಕದ ಕನ್ನಡ ಬೇಡ. ಪಾಳಿ ಕೆಲಸದಿಂದಾಗಿ ಎಲ್ಲರೂ ಒಟ್ಟಿಗೆ ಸಿಗದ ಮನೆಗಳಲ್ಲಿ ಸಭೆ ಹೇಗೆ ನಡೆಸುತ್ತೀರಿ, ಅದನ್ನೂ ತಿಳಿಸಿ.