ಅಪ್‌ಡೇಟ್: ಮೊದಲ ಪೀರಿಯಡ್‌ಗೆ ಬಾರದ ಹುಡುಗರ ವಿಷಯ

ಕಾರವಾರದ ಹತ್ತಿರ ಗಂಡುಮಕ್ಕಳ ಹೈಸ್ಕೂಲೊಂದರ ಪ್ರಿನ್ಸಿಪಾಲ್ ನಾನು. ಜುಲೈ 31ಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದದ್ದೇ ತಡ, ಹತ್ತನೇ ಕ್ಲಾಸಿನ ಕೆಲವರು ಬೆಳಿಗ್ಗೆ ಬಂದರಿನಲ್ಲಿ ಮೀನು ಆರಿಸಲು ಹೋಗುತ್ತಾರೆ, ಏನು ಮಾಡಲಿ ಅಂತ ಇಲ್ಲಿ ಕೇಳಿದ್ದೆ. ತುಂಬಾ ಜನ ‘ಸ್ಟ್ರಿಕ್ಟ್ ಆಗಿ’ ಅಂದಿರಿ. ಆಗಲಿಲ್ಲ. ಮನೆಗೆ ದುಡ್ಡು ಬೇಕು, ಬೈದರೆ ಹುಡುಗ ಪೂರ್ತಿ ಶಾಲೆ ಬಿಡುತ್ತಾನೆ ಅಷ್ಟೆ.

ಒಬ್ಬರು ಮಾತ್ರ, ಹುಡುಗರ ತಾಯಂದಿರ ಹತ್ತಿರ ಮಾತಾಡಿ ಅಂದಿದ್ದರು. ಅದು ಕೆಲಸ ಮಾಡಿತು. ಮೀನು ಮಾರ್ಕೆಟ್‌ಗೇ ಹೋದೆ. ಹಾಜರಿ ಶೇ. 75 ಇಲ್ಲದಿದ್ದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೇ ಕೂರಿಸುವುದಿಲ್ಲ ಅಂದೆ. ಒಬ್ಬ ತಾಯಿ ಬಂಗಡೆ ಹೆಚ್ಚುತ್ತಲೇ, ‘ಸರ್, ಇದನ್ನ ನನಗೆ ಇವ ಹೇಳಲೇ ಇಲ್ಲ’ ಅಂದರು. ಮಗ ಪಕ್ಕದಲ್ಲೇ ಐಸ್ ತುಂಬುತ್ತಿದ್ದ!

ತಡವಾಗಿ ಬಂದವರಿಗೂ ತಪ್ಪದಿರಲಿ ಅಂತ ಗಣಿತವನ್ನು ಮೂರನೇ ಪೀರಿಯಡ್‌ಗೆ ಹಾಕಿದೆವು. ನಮ್ಮ ಮೇಷ್ಟ್ರು ತ್ರಿಕೋನಮಿತಿಗೆ ದೋಣಿಯ ಕಂಬದ ಎತ್ತರ ಅಳೆಸುತ್ತಾರೆ. ಸರಾಸರಿ, ಮಧ್ಯಾಂಕಕ್ಕೆ ಮೀನು ಹರಾಜಿನ ರೇಟು. ಈ ಲೆಕ್ಕದಲ್ಲಿ ಹುಡುಗರು ನಮಗಿಂತ ಚುರುಕು, ಸುಳ್ಳು ರೇಟು ಕೊಟ್ಟರೆ ಅಲ್ಲೇ ಜಗಳ. ಈಗಲೂ ಒಬ್ಬಿಬ್ಬರು ತಡವಾಗಿ ಬರುತ್ತಾರೆ, ಕೈಗೆ ಮೀನಿನ ಪೊರೆ ಅಂಟಿರುತ್ತದೆ. ತೊಳ್ಕೊಂಡು ಬಾ ಅಂತೇನೆ, ಅಷ್ಟೆ.



ಸದ್ಯ ಶಾಲೆಯ ಗ್ಯಾದರಿಂಗ್ (ವಾರ್ಷಿಕೋತ್ಸವ) ತಲೆಬಿಸಿ. ಹುಡುಗರು ಯಕ್ಷಗಾನ ಆಡ್ತಾರಂತೆ. ಸ್ತ್ರೀವೇಷಕ್ಕೆ ಯಾರೂ ಒಪ್ಪಿರಲಿಲ್ಲ, ಕೊನೆಗೆ ಕಬಡ್ಡಿ ಟೀಮಿನ ಕ್ಯಾಪ್ಟನ್ನೇ ಮುಂದೆ ಬಂದ. ಈಗ ಆ ಪಾತ್ರಕ್ಕೇ ಕಾಂಪಿಟೇಶನ್. ಕಡಿಮೆ ಖರ್ಚಿನಲ್ಲಿ ವೇಷಭೂಷಣ ಬಾಡಿಗೆಗೆ ಕೊಡುವವರು ಹೊನ್ನಾವರ, ಕುಮಟಾ ಕಡೆ ಗೊತ್ತಿದ್ದರೆ ತಿಳಿಸಿ.