ಡಬಲ್ ಎಕ್ಸ್‌ಎಲ್‌ನಲ್ಲಿ ಮಾತ್ರ ತೋಳು ನೆರಿಗೆ ಬೀಳ್ತಿದೆ: ತಪ್ಪು ಗ್ರೇಡಿಂಗ್‌ನದ್ದಾ, ಪ್ಲಾಟರ್‌ದಾ?

ಕತ್ತರಿಗೆರೆ:
ಉದ್ದ ತೋಳಿನ ಕಾಟನ್ ಶರ್ಟು. ಎಸ್‌ನಿಂದ ಡಬಲ್ ಎಕ್ಸ್‌ಎಲ್‌ವರೆಗೆ ಐದು ಸೈಜು, ಬೇಸ್ ಎಂ. ಕಾಗದದ ಪ್ಯಾಟರ್ನ್ ಡಿಜಿಟೈಸ್ ಮಾಡಿ (ಪಾಯಿಂಟ್ ಗುರುತಿಸಿ ಕಂಪ್ಯೂಟರಿಗೆ ಏರಿಸಿ) ಕ್ಯಾಡ್ ಸಾಫ್ಟ್‌ವೇರ್‌ನಲ್ಲೇ ಗ್ರೇಡ್ ಮಾಡಿದ್ದು, ಅಂದರೆ ಎಂನಿಂದ ಉಳಿದ ಸೈಜು ತೆಗೆದದ್ದು. ಎಂ ಸ್ಯಾಂಪಲ್ ಚೆನ್ನಾಗಿ ಕೂತಿದೆ. ಡಬಲ್ ಎಕ್ಸ್‌ಎಲ್‌ನಲ್ಲಿ ತೋಳು ಕೂರಿಸುವಾಗ ಬಟ್ಟೆ ಮಿಕ್ಕಿ, ಭುಜದ ತುದಿಯಲ್ಲಿ ಪುಟ್ಟ ಪುಟ್ಟ ನೆರಿಗೆ ಬರ್ತಿವೆ. ಇನ್ನೊಂದು: ಬೆನ್ನಿನ ತುಂಡು ಪರದೆಯಲ್ಲಿ 80 ಸೆಂ.ಮೀ., ಪ್ಲಾಟರ್‌ನಲ್ಲಿ (ಪ್ಯಾಟರ್ನನ್ನು ಕಾಗದದ ಮೇಲೆ ಎಳೆಯುವ ಯಂತ್ರ) ತೆಗೆದರೆ 79.6. ಎರಡಕ್ಕೂ ಕಾರಣ ಒಂದೇನಾ?

ಗ್ರೇಡ್‌ರೂಲ್:
ಅಲ್ಲ. ಪ್ಲಾಟರ್ ಅರ್ಧ ಶೇಕಡಾ ಕುಗ್ಗಿಸಿದರೆ ತೋಳನ್ನೂ ಕುಗ್ಗಿಸುತ್ತೆ, ಆರ್ಮ್‌ಹೋಲನ್ನೂ (ತೋಳು ಕೂರುವ ತೆರವು) ಕುಗ್ಗಿಸುತ್ತೆ. ಅವೆರಡರ ನಡುವಿನ ವ್ಯತ್ಯಾಸ ಹೆಚ್ಚುಕಮ್ಮಿ ಹಾಗೇ ಉಳಿಯುತ್ತೆ. ನೆರಿಗೆಗೆ ಕಾರಣ ಗ್ರೇಡಿಂಗ್.

ಐದೂ ಸೈಜಿನಲ್ಲಿ ತೋಳಿನ ಕ್ಯಾಪ್ (ಆರ್ಮ್‌ಹೋಲಿಗೆ ಕೂರುವ ಮೇಲಿನ ಬಾಗಿದ ಗೆರೆ) ಎಷ್ಟು, ಮುಂಭಾಗ-ಬೆನ್ನು ಸೇರಿ ಆರ್ಮ್‌ಹೋಲ್ ಎಷ್ಟು, ಅಳೆದು ಹಾಕಿ. ಅಳೆಯೋದು ಹೊಲಿಗೆ ಗೆರೆಯ ಮೇಲೆ, ಕತ್ತರಿಸುವ ಗೆರೆಯ ಮೇಲೆ ಅಲ್ಲ. ಇಲ್ಲಿ ಎಡವುವವರೇ ಜಾಸ್ತಿ. ಆರ್ಮ್‌ಹೋಲ್ ಒಳಕ್ಕೆ ಬಾಗಿದ ಗೆರೆಯಾದ್ದರಿಂದ ಹೊಲಿಗೆಗೆ ಬಿಡುವ ಮಾರ್ಜಿನ್ ಸೇರಿಸಿದಷ್ಟೂ ಅಂಚು ಚಿಕ್ಕದಾಗುತ್ತೆ. 1 ಸೆಂ.ಮೀ. ಮಾರ್ಜಿನ್‌ಗೆ ಎರಡೂ ತುಂಡು ಸೇರಿ ಸುಮಾರು 3 ಸೆಂ.ಮೀ. ಕಡಿಮೆ ತೋರಿಸಬಹುದು. ಆ ಅಂಕಿ ನಂಬಿ ಕ್ಯಾಪ್ ತಿದ್ದಿದರೆ ಸರಿ ಇದ್ದ ಎಂ ಕೂಡ ಹಾಳಾಗುತ್ತೆ.

ಕತ್ತರಿಗೆರೆ:
ಹೊಲಿಗೆ ಗೆರೆಯ ಮೇಲೆ ಎಂ: ಕ್ಯಾಪ್ 49.5, ಆರ್ಮ್‌ಹೋಲ್ 48.5. ಡಬಲ್ ಎಕ್ಸ್‌ಎಲ್: ಕ್ಯಾಪ್ 57.0, ಆರ್ಮ್‌ಹೋಲ್ 54.2. ಪ್ರತಿ ಸೈಜಿಗೆ ಕ್ಯಾಪ್ ಎತ್ತರ 1 ಸೆಂ.ಮೀ., ತೋಳಿನ ಅಗಲ ಒಂದೊಂದು ಬದಿಗೆ 0.75 ಕೊಟ್ಟಿದ್ದೇನೆ. ಬೇಸ್‌ನಲ್ಲಿ ಕ್ಯಾಪ್ ಎತ್ತರ 13, ಅಗಲ 40.

ಗ್ರೇಡ್‌ರೂಲ್:
ಸಿಕ್ಕಿತು. ಮೂರು ಸೈಜು ದಾಟುವಷ್ಟರಲ್ಲಿ ಕ್ಯಾಪ್ 7.5 ಬೆಳೆದಿದೆ, ಆರ್ಮ್‌ಹೋಲ್ 5.7 ಮಾತ್ರ. ಅಂದರೆ ಸೈಜಿಗೆ 0.6ರಂತೆ ಈಸ್ (ಆರ್ಮ್‌ಹೋಲಿಗಿಂತ ಕ್ಯಾಪ್ ಎಷ್ಟು ಹೆಚ್ಚಿದೆಯೋ ಅಷ್ಟು) ಏರಿ, ಎಂನಲ್ಲಿ 1.0 ಇದ್ದದ್ದು ಡಬಲ್ ಎಕ್ಸ್‌ಎಲ್‌ನಲ್ಲಿ 2.8 ಆಗಿದೆ. ಒತ್ತಾಗಿ ನೇಯ್ದ ಶರ್ಟಿನ ಬಟ್ಟೆ ಅಷ್ಟನ್ನು ನುಂಗೋದಿಲ್ಲ. ಇದೇ ಲೆಕ್ಕದಲ್ಲಿ ಎಸ್ ತೆಗೆದು ನೋಡಿ, 0.4ಕ್ಕೆ ಇಳಿದಿರುತ್ತೆ. ಅಲ್ಲಿ ನೆರಿಗೆ ಬೀಳಲ್ಲ, ಆದರೆ ತೋಳು ಎಳೆದುಕೊಂಡು ಕೂರಬಹುದು. ಯಾರೂ ಗಮನಿಸಿರಲ್ಲ, ಅಷ್ಟೇ.

ಅಗಲ ಮುಟ್ಟಬೇಡಿ, ತೋಳಿನ ಸುತ್ತಳತೆ ಸೈಜ್ ಚಾರ್ಟ್‌ನಿಂದ ಬಂದದ್ದು. ಎತ್ತರದ ರೂಲನ್ನು (ಸೈಜಿಗೆ ಎಷ್ಟು ಬೆಳೆಯಬೇಕು ಅನ್ನೋ ಅಂಕಿ) 1.0ರಿಂದ 0.5ಕ್ಕೆ ಇಳಿಸಿ. ನಿಮ್ಮ ಅಳತೆಗೆ ಕ್ಯಾಪ್ ಬೆಳವಣಿಗೆ ಸೈಜಿಗೆ 2.5ರಿಂದ ಸುಮಾರು 1.9ಕ್ಕೆ ಬರುತ್ತೆ, ಆರ್ಮ್‌ಹೋಲ್ ಬೆಳೆಯುತ್ತಿರೋದೂ ಅಷ್ಟೇ. ಕ್ಯಾಪ್ ಎತ್ತರ ಇಳಿದಷ್ಟೂ ತೋಳಿನ ಒಟ್ಟು ಉದ್ದ ಕಡಿಮೆ ಆಗುತ್ತೆ, ಆ ವ್ಯತ್ಯಾಸವನ್ನು ಮಣಿಕಟ್ಟಿನ ಪಾಯಿಂಟಿಗೆ ಸೇರಿಸೋದು ಮರೆಯಬೇಡಿ. ಆಮೇಲೆ ತೋಳನ್ನು ಆರ್ಮ್‌ಹೋಲ್ ಮೇಲೆ ವಾಕ್ ಮಾಡಿಸಿ (ಒಂದರ ಹೊಲಿಗೆ ಗೆರೆಯನ್ನು ಇನ್ನೊಂದರ ಗೆರೆಯ ಮೇಲೆ ಸರಿಸುತ್ತಾ ಹೋಲಿಸಿ), ಎಲ್ಲ ಸೈಜಿನಲ್ಲೂ. ಕಂಕುಳಿನಿಂದ ನಾಚ್‌ವರೆಗೆ (ತುಂಡು ಜೋಡಿಸಲು ಅಂಚಿನಲ್ಲಿ ಹಾಕುವ ಗುರುತು) ಎರಡೂ ಸಮ ಇರಬೇಕು, ಈಸ್ ಇರೋದು ನಾಚ್‌ನಿಂದ ಮೇಲಕ್ಕೆ. ನಾಚ್‌ಗೆ ಬೇರೆ ರೂಲ್ ಕೊಡೋ ಬದಲು ಕಂಕುಳಿನ ಪಾಯಿಂಟ್‌ನಿಂದ ಇಷ್ಟು ದೂರ ಅಂತ ಕಟ್ಟಿಹಾಕಿದರೆ ತಲೆನೋವು ಕಡಿಮೆ.

ಮಾರ್ಕರ್‌ಮೇಜು:
ಒಂದು ಸೇರಿಸ್ತೀನಿ. ಡಿಜಿಟೈಸ್ ಮಾಡುವಾಗ ಕ್ಯಾಪ್‌ಗೆ ಎಷ್ಟು ಪಾಯಿಂಟ್ ಹಾಕಿದ್ದೀರಿ? ಇಪ್ಪತ್ತು, ಇಪ್ಪತ್ತೈದು ಹಾಕಿ ಪ್ರತಿಯೊಂದಕ್ಕೂ ರೂಲ್ ಕೊಟ್ಟರೆ ದೊಡ್ಡ ಸೈಜಿನಲ್ಲಿ ಗೆರೆ ಅಲೆಅಲೆಯಾಗುತ್ತೆ. ರೂಲ್ ಬೇಕಿರೋದು ಮೂಲೆಗಳಿಗೆ ಮತ್ತು ಕ್ಯಾಪ್ ತುದಿಗೆ. ನಡುವಿನ ಕರ್ವ್ ಪಾಯಿಂಟ್‌ಗಳು ತಾವಾಗಿ ಹಿಂಬಾಲಿಸಲಿ. ಪರದೆಯಲ್ಲಿ ಐದೂ ಸೈಜನ್ನು ಒಂದರ ಮೇಲೊಂದು ಇಟ್ಟು ನೋಡಿ, ಗೆರೆಗಳ ನಡುವಿನ ಅಂತರ ಎಲ್ಲೂ ಹಠಾತ್ತನೆ ಹಿಗ್ಗಬಾರದು.

ಪ್ಲಾಟರ್ ವಿಷಯ: ಕಾಗದ ಓಡುವ ದಿಕ್ಕಿಗೆ 100 ಸೆಂ.ಮೀ. ಗೆರೆ, ಅಡ್ಡಕ್ಕೆ ಇನ್ನೊಂದು 100 ಎಳೆಸಿ. ಸ್ಟೀಲ್ ಟೇಪಿನಲ್ಲೇ ಅಳೆಯಿರಿ, ಹೊಲಿಗೆಯ ಬಟ್ಟೆ ಟೇಪು ಹಿಗ್ಗಿರುತ್ತೆ. ಉದ್ದಕ್ಕೆ 99.5 ಬಂದು ಅಡ್ಡಕ್ಕೆ ಸರಿ ಇದ್ದರೆ ಕಾಗದ ಎಳೆಯುವ ರೋಲರ್ ಜಾರುತ್ತಿದೆ. ರೋಲರ್ ಒರೆಸಿ, ಮತ್ತೆ ಎಳೆಸಿ, ಆಗಲೂ ಅದೇ ಬಂದರೆ ಪ್ಲಾಟರ್ ಸೆಟ್ಟಿಂಗ್‌ನಲ್ಲಿ ಆ ದಿಕ್ಕಿನ ಸ್ಕೇಲಿಗೆ ಮಾತ್ರ 1.005 ತುಂಬಿ. ಎರಡೂ ದಿಕ್ಕಿನಲ್ಲಿ ಒಂದೇ ಪ್ರಮಾಣದಲ್ಲಿ ಕಡಿಮೆ ಬಂದರೆ ಮೊದಲು ಪ್ರಿಂಟ್ ಸೆಟ್ಟಿಂಗ್ ನೋಡಿ, ‘ಪುಟಕ್ಕೆ ಹೊಂದಿಸು’ ಆನ್ ಆಗಿರುತ್ತೆ. ಪ್ಯಾಟರ್ನ್ ಫೈಲನ್ನೇ ಹಿಗ್ಗಿಸಿ ಸರಿಮಾಡೋಕೆ ಮಾತ್ರ ಹೋಗಬೇಡಿ. ಅದೇ ಫೈಲು ಕಟರ್ ಯಂತ್ರಕ್ಕೆ ಹೋದರೆ ಅಲ್ಲಿ ತಪ್ಪಾಗುತ್ತೆ.

ಕತ್ತರಿಗೆರೆ:
ಎತ್ತರ 0.5 ಕೊಟ್ಟೆ, ಡಬಲ್ ಎಕ್ಸ್‌ಎಲ್ ಈಸ್ 1.1 ಬಂತು. ಪ್ಲಾಟರ್‌ನಲ್ಲಿ ಉದ್ದಕ್ಕೆ ಮಾತ್ರ ಕೊರತೆ, ರೋಲರ್ ಒರೆಸಿದ ಮೇಲೆ 99.9. ಈ ಶರ್ಟು ಹೊಲಿದ ನಂತರ ವಾಶ್‌ಗೆ ಹೋಗುತ್ತೆ. ಶ್ರಿಂಕೇಜ್ ಉದ್ದಕ್ಕೆ 8%, ಅಡ್ಡಕ್ಕೆ 3%. ನೇರವಾಗಿ 1.08 ಗುಣಿಸಿದರೆ ಸಾಕಾ?

ಮಾರ್ಕರ್‌ಮೇಜು:
ಸಾಲದು. 78 ಸೆಂ.ಮೀ.ಯನ್ನು 1.08ರಿಂದ ಗುಣಿಸಿದರೆ 84.24, ಅದು 8% ಕುಗ್ಗಿದರೆ 77.5, ಅರ್ಧ ಸೆಂ.ಮೀ. ಹೋಯಿತು. 0.92ರಿಂದ ಭಾಗಿಸಿ, 84.78 ಬರುತ್ತೆ. ಅಡ್ಡಕ್ಕೆ 0.97.

ಗ್ರೇಡಿಂಗ್, ವಾಕಿಂಗ್ ಎಲ್ಲ ಮುಗಿದ ಮೇಲೆ ಕೊನೆಗೆ ಈ ಶ್ರಿಂಕೇಜ್ ಹಾಕಿ, ಮೂಲ ಫೈಲ್ ಬೇರೆ ಇಟ್ಟುಕೊಳ್ಳಿ. ಯೋಕ್ (ಭುಜದ ಮೇಲಿನ ಪಟ್ಟಿ), ಕಫ್, ಕಾಲರ್ ತುಂಡುಗಳ ಗ್ರೇನ್ ಲೈನ್ (ಬಟ್ಟೆಯ ಉದ್ದದ ನೂಲು ಯಾವ ದಿಕ್ಕಿಗೆ ಅಂತ ತೋರಿಸುವ ಗೆರೆ) ಒಂದೊಂದಾಗಿ ನೋಡಿ. ಅಡ್ಡಕ್ಕೆ ಕತ್ತರಿಸುವ ಯೋಕ್‌ಗೆ ಉಳಿದ ತುಂಡುಗಳ ಹಾಗೆಯೇ ಶೇಕಡಾ ಹಾಕಿದರೆ 8% ತಪ್ಪು ದಿಕ್ಕಿಗೆ ಬೀಳುತ್ತೆ. ಫ್ಯೂಸಿಂಗ್ (ಗಟ್ಟಿತನಕ್ಕೆ ಒಳಗೆ ಹಾಕುವ ಬಟ್ಟೆ) ಅಂಟಿಸುವ ತುಂಡುಗಳು ಬಟ್ಟೆಯಷ್ಟು ಕುಗ್ಗಲ್ಲ. ಅಂಟಿಸಿದ ತುಂಡನ್ನೇ ತೊಳೆದು ಅಳೆದು ಬೇರೆ ಶೇಕಡಾ ಹಾಕಿ.

ಗ್ರೇಡ್‌ರೂಲ್:
ಫ್ಯಾಕ್ಟರಿಗೆ ಎಎಎಂಎ ಡಿಎಕ್ಸ್‌ಎಫ್ (ಬೇರೆ ಬೇರೆ ಕ್ಯಾಡ್‌ಗಳ ನಡುವೆ ಪ್ಯಾಟರ್ನ್ ಸಾಗಿಸುವ ಫೈಲ್) ಕಳಿಸೋದಾದರೆ ಜೊತೆಗಿರುವ ಆರ್‌ಯುಎಲ್ ಫೈಲೂ ಹೋಗಬೇಕು, ಗ್ರೇಡ್ ರೂಲ್ ಇರೋದು ಅದರಲ್ಲಿ. ಅದಿಲ್ಲದೆ ಅವರಿಗೆ ಸಿಗೋದು ಎಂ ಒಂದೇ. ತೆರೆದ ಮೇಲೆ ಲೇಯರ್ 1ರಲ್ಲಿ ಹೊರ ಅಂಚು, 14ರಲ್ಲಿ ಹೊಲಿಗೆ ಗೆರೆ, 4ರಲ್ಲಿ ನಾಚ್, 7ರಲ್ಲಿ ಗ್ರೇನ್ ಲೈನ್ ಇದೆಯಾ ಅಂತ ಅವರ ಕಡೆಯಿಂದಲೇ ಕೇಳಿ. 10 ಸೆಂ.ಮೀ. ಚೌಕವೊಂದನ್ನು ಪ್ರತ್ಯೇಕ ತುಂಡಾಗಿ ಫೈಲಿನಲ್ಲಿ ಸೇರಿಸಿ. ಮೆಟ್ರಿಕ್-ಇಂಚು ಅದಲುಬದಲಾದರೆ ಅದು ಅಂಗೈ ಅಗಲದ ಬದಲು ಗುಂಡಿಗಿಂತ ಚಿಕ್ಕದಾಗಿಯೋ ವಿಪರೀತ ದೊಡ್ಡದಾಗಿಯೋ ಕಾಣುತ್ತೆ, ಬಟ್ಟೆ ಹಾಸುವ ಮುಂಚೆಯೇ ಗೊತ್ತಾಗುತ್ತೆ.